ಓಂಡಿನಾ ಎಂಬ ಎಣ್ಣೆಹಡಗು

ನಮ್ಮ ಅಜ್ಜಿಯ ಮನೆಯ ಬಚ್ಚಲಿನಲ್ಲಿ ಒಂದು ತಗಡಿನ ಡಬ್ಬವಿತ್ತು. ಬರ್ಮಾ ಷೆಲ್ ಡಬ್ಬ ಎಂದೇ ಅದರ ಹೆಸರು. ಅದರಲ್ಲಿ ಸೀಮೆಎಣ್ಣೆ ಬಂದದ್ದು ಯಾವ ಕಾಲದಲ್ಲೋ; ಮೇಲಿನ ಮುಚ್ಚಳ ಕತ್ತರಿಸಿ, ಅಡ್ಡಕ್ಕೊಂದು ಮರದ ಹಿಡಿ ಬಡಿದು, ನೀರು ಸೇದಿ ತುಂಬಲು ಇಟ್ಟುಕೊಂಡಿದ್ದರು. ಅದನ್ನು ಕಂಡಾಗಲೆಲ್ಲ ಅಜ್ಜಿಗೆ ಯುದ್ಧದ ಕಾಲ ನೆನಪಾಗುತ್ತಿತ್ತು. ಜಪಾನಿನವರು ಬರ್ಮಾ ಹಿಡಿದ ವರ್ಷ ಸೀಮೆಎಣ್ಣೆ ಕಾಣದಂತಾಯಿತೆಂದೂ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಮಲಗುತ್ತಿದ್ದರೆಂದೂ, ಹೆರಿಗೆಯೋ ಜ್ವರವೋ ಬಂದ ಮನೆಗೆ ಮಾತ್ರ ನೆರೆಯವರು ಒಂದು ಸೌಟು ಎಣ್ಣೆ ಕೊಡುತ್ತಿದ್ದರೆಂದೂ ಹೇಳುತ್ತಿದ್ದಳು. ಎಲ್ಲಿಯ ಬರ್ಮಾ, ಎಲ್ಲಿಯ ನಮ್ಮೂರ ಬುಡ್ಡಿ ದೀಪ! ಆಗ ನನಗೆ ಈ ಸಂಬಂಧ ತಿಳಿಯಲಿಲ್ಲ. ಬಹಳ ಕಾಲದ ಮೇಲೆ, ಎರಡನೆಯ ಮಹಾಯುದ್ಧದಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ಕಾಳಗಗಳನ್ನು ಓದುತ್ತ ಕುಳಿತಾಗ ಆ ಡಬ್ಬ ಮತ್ತೆ ಕಣ್ಣಿಗೆ ಕಟ್ಟಿತು. ಅದಕ್ಕೆ ಕಾರಣವಾದದ್ದು ಓಂಡಿನಾ ಎಂಬ ಒಂದು ಡಚ್ಚರ ಎಣ್ಣೆಹಡಗು.

ಓಂಡಿನಾ ಎಂದರೆ ಒಂದು ಜಾತಿಯ ಸಣ್ಣ ಸಮುದ್ರಶಂಖ. ರಾಯಲ್ ಡಚ್ ಷೆಲ್ ಕಂಪನಿಯವರು ತಮ್ಮ ಹಡಗುಗಳಿಗೆ ಶಂಖ ಚಿಪ್ಪುಗಳ ಹೆಸರನ್ನೇ ಇಡುವುದು ವಾಡಿಕೆಯಾಗಿತ್ತು. ನಮ್ಮ ಅಜ್ಜಿಯ ಡಬ್ಬದ ಮೇಲಿನ ಹೆಸರಿನಲ್ಲಿ ಅರ್ಧ ಪಾಲು ಇದೇ ಕಂಪನಿಯ ಬಳಗದ್ದು. ಹಡಗು 1939ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ತಯಾರಾಯಿತು. ಆರು ಸಾವಿರದ ಮುನ್ನೂರು ಟನ್ನಿನ ಮೇಲಷ್ಟು ಗಾತ್ರ, ಡೀಸೆಲ್ ಎಂಜಿನ್ನು, ಗಂಟೆಗೆ 12 ಸಮುದ್ರಮೈಲಿಯ ನಡಿಗೆ. ಆ ಕಾಲದ ಎಣ್ಣೆಹಡಗುಗಳಲ್ಲಿ ಅದು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಮರುವರ್ಷ ಮೇ ತಿಂಗಳಲ್ಲಿ ಹಿಟ್ಲರನ ಸೈನ್ಯ ಹಾಲೆಂಡನ್ನು ನುಂಗಿತು. ಹೊರಗಿದ್ದ ಡಚ್ ಹಡಗುಗಳು ಹಿಂದಿರುಗಲು ಮನೆಯೇ ಇಲ್ಲದೆ ಮಿತ್ರರಾಷ್ಟ್ರಗಳ ಚಾಕರಿಯಲ್ಲಿ ಉಳಿದವು. ಓಂಡಿನಾ ಅವುಗಳಲ್ಲಿ ಒಂದು.

1942ರ ಮೊದಲ ನಾಲ್ಕು ತಿಂಗಳಲ್ಲಿ ಆದದ್ದನ್ನು ಓದುಗರು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಜನವರಿಯಲ್ಲಿ ಬೋರ್ನಿಯೋದ ಬಾಲಿಕ್‌ಪಾಪನ್ ಹೋಯಿತು. ಫೆಬ್ರವರಿಯಲ್ಲಿ ಸುಮಾತ್ರದ ಪಾಲೆಂಬಾಂಗ್. ಮಾರ್ಚಿಯಲ್ಲಿ ರಂಗೂನಿನ ಪಕ್ಕದ ಸಿರಿಯಂ ಶುದ್ಧೀಕರಣಾಗಾರವನ್ನು ಬ್ರಿಟಿಷರೇ ಸುಟ್ಟರು. ಏಪ್ರಿಲಿನಲ್ಲಿ ಯೆನಾಂಜಾಂಗಿನ ಎಣ್ಣೆಬಾವಿಗಳನ್ನೂ ಶತ್ರುವಿನ ಕೈಗೆ ಸಿಕ್ಕದಂತೆ ಹಾಳುಗೆಡವಿದರು. ನಮ್ಮ ದೇಶದ ದೀಪಗಳಿಗೆ ಸೀಮೆಎಣ್ಣೆ ಬಹುಮಟ್ಟಿಗೆ ಬರುತ್ತಿದ್ದುದು ಬರ್ಮಾದಿಂದ. ಅಸ್ಸಾಮಿನ ದಿಗ್ಬಾಯಿಯ ಅಷ್ಟಿಷ್ಟನ್ನು ಬಿಟ್ಟರೆ, ಸೂಯೆಜ್ಜಿನಿಂದ ಮೂಡಣಕ್ಕೆ ಮಿತ್ರರಾಷ್ಟ್ರಗಳಿಗೆ ಉಳಿದ ಆಸರೆ ಪರ್ಷಿಯಾ ಕೊಲ್ಲಿಯ ಎಣ್ಣೆ. ಅದರಲ್ಲೂ ಮುಖ್ಯವಾಗಿ ಅಬಾದಾನ್. ಇಂಡಿಯಾ, ಸಿಂಹಳ, ಪೂರ್ವ ಆಫ್ರಿಕ, ಆಸ್ಟ್ರೇಲಿಯದ ಪಶ್ಚಿಮ ತೀರ ಎಲ್ಲವೂ ಅತ್ತಲೇ ಬಾಯಿ ಬಿಟ್ಟು ಕುಳಿತವು. ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರಿನಿಂದ ಅಬಾದಾನಿಗೆ ಐದು ಸಾವಿರ ಮೈಲಿಗೂ ಮಿಕ್ಕ ದಾರಿ. ಆ ಇಡೀ ದಾರಿಯಲ್ಲಿ ಎಣ್ಣೆಹಡಗು ನೊಗ ಹೊತ್ತ ಎತ್ತಿನಂತೆ ಹೋಗಿಬರಬೇಕು. ಯುದ್ಧವೆಂದರೆ ನಾವು ತೋಪು ವಿಮಾನಗಳನ್ನು ನೆನೆಯುತ್ತೇವೆ. ಆದರೆ ಎಣ್ಣೆ ಹೊರುವ ಈ ಎತ್ತುಗಳು ನಿಂತರೆ ತೋಪೂ ಇಲ್ಲ, ವಿಮಾನವೂ ಇಲ್ಲ.

ಈ ಗುಟ್ಟನ್ನು ಜಪಾನಿನವರೂ ಬಲ್ಲರು. ಅವರು ಹೊಕೊಕು ಮಾರು, ಐಕೊಕು ಮಾರು ಎಂಬ ಎರಡು ಹಡಗುಗಳನ್ನು ಈ ಸಾಗರಕ್ಕೆ ಬೇಟೆಗೆ ಬಿಟ್ಟರು. (ಜಪಾನಿನ ವ್ಯಾಪಾರದ ಹಡಗುಗಳ ಹೆಸರಿಗೆ ಸಾಮಾನ್ಯವಾಗಿ ಹೀಗೊಂದು ‘ಮಾರು’ ಬಾಲ ಇರುತ್ತದೆ, ಹಗ್ಗ ಅಳೆಯುವ ನಮ್ಮ ಮಾರಿಗೂ ಅದಕ್ಕೂ ಏನೂ ನಂಟಿಲ್ಲ.) ಎರಡೂ ಅಕ್ಕತಂಗಿಯರು, ಒಂದೊಂದೂ ಹತ್ತು ಸಾವಿರ ಟನ್ನಿಗೆ ಮಿಕ್ಕದ್ದು, ಗಂಟೆಗೆ 20 ಸಮುದ್ರಮೈಲಿಗೂ ಹೆಚ್ಚು ಓಡಬಲ್ಲದ್ದು. ಮೂಲತಃ ಪ್ರಯಾಣಿಕರಿಗಾಗಿ ಎಬ್ಬಿಸಿದ ಚೆಲುವಾದ ಹಡಗುಗಳು. ಆಮೇಲೆ ಅವಕ್ಕೆ ಐದೂವರೆ ಅಂಗುಲದ ತೋಪುಗಳನ್ನೂ ಟಾರ್ಪೆಡೊ ಕೊಳವೆಗಳನ್ನೂ ಸಣ್ಣ ಕಡಲವಿಮಾನಗಳನ್ನೂ ಏರಿಸಿದರು. ಆದರೆ ಯುದ್ಧನೌಕೆಗೆ ಇರುವಂಥ ಉಕ್ಕಿನ ಕವಚವನ್ನು ಹೊದಿಸಲು ಬಂದೀತೆ? ರೇಷ್ಮೆಯ ಅಂಗಿಯ ಮೇಲೆ ಕತ್ತಿ ಕಟ್ಟಿದ ಹಾಗೆ ಆಯಿತು. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

1942ರ ಮೇ 9ರಂದು ಇದೇ ಜೋಡಿ ಜೆನೋಟಾ ಎಂಬ ಮತ್ತೊಂದು ಡಚ್ ಎಣ್ಣೆಹಡಗನ್ನು ಹಿಡಿಯಿತು. ಅದೂ ಷೆಲ್ ಬಳಗದ್ದೇ. ಮುಳುಗಿಸಲಿಲ್ಲ, ಹೆಸರು ಬದಲಿಸಿ ತಮ್ಮ ನೌಕಾಪಡೆಗೆ ಸೇರಿಸಿಕೊಂಡರು. ಜೂನಿನಲ್ಲಿ ಎಲಿಸಿಯಾ ಎಂಬ ಬ್ರಿಟಿಷ್ ಹಡಗು ಮುಳುಗಿತು, ಜುಲೈಯಲ್ಲಿ ಹೌರಾಕಿ ಎಂಬುದು ಸೆರೆಸಿಕ್ಕಿತು. ಎಣ್ಣೆಹಡಗನ್ನು ಕಂಡರೆ ಈ ಬೇಟೆಗಾರರಿಗೆ ಬಾಯಲ್ಲಿ ನೀರೂರುತ್ತಿದ್ದುದು ಸಹಜ.

ನವೆಂಬರ್ 5ರಂದು ಓಂಡಿನಾ ಫ್ರೀಮ್ಯಾಂಟಲನ್ನು ಬಿಟ್ಟಿತು. ಅಬಾದಾನಿಗೆ ಹೋಗಿ ಎಣ್ಣೆ ತುಂಬಿಸಿಕೊಂಡು ಬರಬೇಕು. ಆದ್ದರಿಂದ ಹೊರಟದ್ದು ಬರಿದಾಗಿ. ಕಪ್ತಾನ ವಿಲ್ಲೆಮ್ ಹೋರ್ಸ್‌ಮನ್. ಹಡಗಿನ ಹಿಂಭಾಗದಲ್ಲಿ ನಾಲ್ಕು ಅಂಗುಲದ ಒಂದೇ ಒಂದು ತೋಪು, ಅದಕ್ಕೆ 32 ಗುಂಡು. ಅದನ್ನು ಹಾರಿಸಲು ಡಚ್ಚರು, ಇಂಗ್ಲಿಷರು, ಆಸ್ಟ್ರೇಲಿಯದವರು ಸೇರಿದ ಒಂದು ಬೆರಕೆ ತಂಡ. ಯಂತ್ರಕೋಣೆಯಲ್ಲೂ ಅಟ್ಟದ ಮೇಲೂ ಚೀನೀ ಕೆಲಸಗಾರರು ಬಹಳ ಮಂದಿ. ಡಿಯೆಗೊ ಗಾರ್ಸಿಯಾ ದ್ವೀಪದವರೆಗೆ ಜತೆಗೆ ಬರಲು ಒಂದು ಕಾವಲು ಹಡಗನ್ನೂ ಕೊಟ್ಟಿದ್ದರು. ಅದು ಭಾರತದ್ದು.

ಆ ಹಡಗಿನ ಹೆಸರು ಬೆಂಗಾಲ್. ಆಗಿನ ರಾಯಲ್ ಇಂಡಿಯನ್ ನೇವಿಗಾಗಿ ಆಸ್ಟ್ರೇಲಿಯದಲ್ಲಿ ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್ ಎಂದು ನಾಲ್ಕು ಹಡಗುಗಳನ್ನು ಕಟ್ಟಿಸಿದ್ದರು. ಸಮುದ್ರದಲ್ಲಿ ಶತ್ರು ಬಿತ್ತಿದ ಸ್ಫೋಟಕಗಳನ್ನು ಗುಡಿಸಿ ತೆಗೆಯುವುದು ಅವುಗಳ ಕೆಲಸ. ಸಿಡ್ನಿಯಲ್ಲಿ ಸಿದ್ಧವಾಗಿ ಸೇವೆಗೆ ಸೇರಿ ಬೆಂಗಾಲ್‌ಗೆ ಇನ್ನೂ ಮೂರು ತಿಂಗಳು. ಯಾರ ಹೆಸರು ಹೊತ್ತಿತ್ತೋ ಆ ನಾಡಿನ ತೀರವನ್ನು ಅದು ಇನ್ನೂ ಕಂಡಿರಲಿಲ್ಲ. ಈಗ ಅತ್ತಲೇ ಮೊದಲ ಪಯಣ. ಏಳುನೂರು ಟನ್ನಿನ ಆಸುಪಾಸಿನ ಪುಟ್ಟ ಹಡಗು. ನಾಲ್ಕಂಗುಲದ ತೋಪು ಸಿಕ್ಕದೆ, ಅದರ ಬದಲಿಗೆ ಮೂರಂಗುಲದ ಒಂದು ತೋಪನ್ನು ಕೂರಿಸಿ ಕಳಿಸಿದ್ದರು. ಅಧಿಕಾರಿ ವಿಲ್ಸನ್ ಎಂಬ ಲೆಫ್ಟಿನೆಂಟ್ ಕಮ್ಯಾಂಡರ್, ಖಲಾಸಿಗಳು ಭಾರತೀಯರು.

ನವೆಂಬರ್ 11, ಬುಧವಾರ. ಮೊದಲನೆಯ ಮಹಾಯುದ್ಧ ನಿಂತ ದಿನವೆಂದು ಲೋಕವೆಲ್ಲ ಮೌನ ಆಚರಿಸುತ್ತಿದ್ದ ತಾರೀಖು ಅದು. ಕೋಕೋಸ್ ದ್ವೀಪಗಳಿಂದ ನೈಋತ್ಯಕ್ಕೆ ನೂರಾರು ಮೈಲಿ ದೂರ; ಸುತ್ತ ನೀರಲ್ಲದೆ ಮತ್ತೇನಿಲ್ಲ. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ದಿಗಂತದಲ್ಲಿ ಒಂದು ದೊಡ್ಡ ಹಡಗು ಕಾಣಿಸಿತು. ಹಿಂದೆಯೇ ಮತ್ತೊಂದು. ವಿಲ್ಸನನಿಗೆ ಅವು ಯಾವುವೆಂದು ತಿಳಿಯಲು ತಡವಾಗಲಿಲ್ಲ. ತಿರುಗಿಕೊಂಡು ದೂರ ಹೋಗುವಂತೆಯೂ, ಗೊತ್ತುಮಾಡಿದ ಒಂದು ಜಾಗದಲ್ಲಿ ಮತ್ತೆ ಸೇರುವಂತೆಯೂ ಓಂಡಿನಾಕ್ಕೆ ಸನ್ನೆ ಕೊಟ್ಟು, ತನ್ನ ಪುಟ್ಟ ಹಡಗಿನ ಮೂತಿಯನ್ನು ನೇರವಾಗಿ ಶತ್ರುವಿನ ಕಡೆಗೆ ತಿರುಗಿಸಿದನು. ಗಾತ್ರದಲ್ಲಿ ತನ್ನ ಹದಿನೈದರಷ್ಟು ಇದ್ದ ಹಡಗಿನ ಮೇಲೆ, ಮೂರಂಗುಲದ ತೋಪಿನೊಡನೆ.

ಇಲ್ಲಿ ಹೋರ್ಸ್‌ಮನ್ ಒಂದು ಲೆಕ್ಕ ಹಾಕಿದನು. ತನ್ನ ನಡಿಗೆ 12, ಅವರದು 20ಕ್ಕೆ ಮೇಲೆ. ಬೆಂಗಾಲ್ ಎಷ್ಟು ಹೊತ್ತು ತಡೆದೀತು? ಅದನ್ನು ಮುಗಿಸಿ ಅವರು ಬೆನ್ನಟ್ಟಿದರೆ ಕತ್ತಲಾಗುವ ಮುಂಚೆಯೇ ತಾನು ಸಿಕ್ಕಿಬೀಳುವುದು ಖಂಡಿತ. ಹೇಗೂ ಸಿಕ್ಕುವುದಾದರೆ ಇಬ್ಬರೂ ಇರುವಾಗಲೇ ಕಾದುವುದು ಮೇಲಲ್ಲವೆ? ಓಡುವ ಬದಲು ತನ್ನ ತೋಪು ಶತ್ರುವಿನ ಕಡೆ ಇರುವಂತೆ ಹಡಗನ್ನು ತಿರುಗಿಸಿ ಗುಂಡು ಹಾರಿಸತೊಡಗಿದನು. ಸನ್ನೆಯನ್ನು ಮೀರಿದನೆಂದು ಯಾರಾದರೂ ಹೇಳಬಹುದು. ನನಗಂತೂ ಇದು ಹುಂಬತನವಾಗಿ ಕಾಣುವುದಿಲ್ಲ. ಅಂಗಡಿಯವನು ದಿನದ ಕೊನೆಗೆ ಹಾಕುವ ಲೆಕ್ಕದಷ್ಟೇ ತಣ್ಣಗಿನ ಲೆಕ್ಕ ಅದು.

ಮುಂದಿದ್ದ ಹೊಕೊಕು ಮಾರು ಮೊದಲು ಬೆಂಗಾಲ್ ಕಡೆಗೆ ತೋಪು ಹಾರಿಸುತ್ತ ಹತ್ತಿರ ಹತ್ತಿರಕ್ಕೆ ಬಂದಿತು. ಇಷ್ಟು ಚಿಕ್ಕದನ್ನು ಹೊಸಕಿಹಾಕಿ, ಎಣ್ಣೆಹಡಗನ್ನು ಜೆನೋಟಾದ ಹಾಗೆ ಇಡಿಯಾಗಿ ಹಿಡಿಯೋಣವೆಂದು ಅದರ ಕಪ್ತಾನ ಇಮಾಜಾತೊ ಎಣಿಸಿದ್ದನೋ ಏನೋ! ಅಷ್ಟರಲ್ಲಿ ಓಂಡಿನಾದ ತೋಪಿನ ಗುರಿ ಕುದುರಿತು. ಹ್ಯಾಮಂಡ್ ಎಂಬ ಆಸ್ಟ್ರೇಲಿಯದ ನಾವಿಕನಿದ್ದ ಆ ಬೆರಕೆ ತಂಡದವರು ಹಾರಿಸಿದ ಗುಂಡುಗಳಲ್ಲಿ ಒಂದು ಹೊಕೊಕು ಮಾರುವಿನ ಬಲಮಗ್ಗುಲಿನ ಟಾರ್ಪೆಡೊ ಕೊಳವೆಗಳ ಮೇಲೆಯೇ ಬಿದ್ದಿತು. ಟಾರ್ಪೆಡೊಗಳು ಅಲ್ಲಿಯೇ ಸಿಡಿದವು. ಯುದ್ಧನೌಕೆಯಾಗಿದ್ದರೆ ಕವಚ ತಡೆಯುತ್ತಿತ್ತೇನೋ. ಪ್ರಯಾಣಿಕರ ಹಡಗಿಗೆ ತಡೆಯೇನು! ಬೆಂಕಿ ಒಳಗೊಳಗೇ ಹರಿದು ಹಿಂಭಾಗದ ಮದ್ದಿನ ಕೋಣೆಯನ್ನು ಮುಟ್ಟಿತು. ಭಾರಿ ಸ್ಫೋಟವಾಯಿತು. ಕಾಳಗ ಶುರುವಾಗಿ ಸುಮಾರು ಒಂದು ಗಂಟೆಯೊಳಗೆ ಹೊಕೊಕು ಮಾರು ನೀರಿನಡಿಗೆ ಹೋಯಿತು. ಅದರಲ್ಲಿದ್ದ 354 ಮಂದಿಯಲ್ಲಿ 76 ಮಂದಿ ಸತ್ತರು, ಇಮಾಜಾತೊ ಅವರಲ್ಲೊಬ್ಬ.

ಉಳಿದದ್ದು ಐಕೊಕು ಮಾರು. ಬೆಂಗಾಲ್ ಪೆಟ್ಟು ತಿಂದಿತ್ತು. ಮದ್ದುಗುಂಡು ಹೆಚ್ಚುಕಡಿಮೆ ಮುಗಿದಿತ್ತು. ಹೊಗೆಯ ಮರೆ ಎಬ್ಬಿಸಿಕೊಂಡು ವಿಲ್ಸನ್ ಹಿಂದೆ ಸರಿದನು. ಹೊಗೆ ಕವಿದ ಮೇಲೆ ಒಂದು ಹಡಗಿಗೆ ಇನ್ನೊಂದು ಕಾಣಲಿಲ್ಲ. ಓಂಡಿನಾ ಕೈಬಿಟ್ಟುಹೋಯಿತೆಂದು ಬೆಂಗಾಲ್‌ನವರು ತಿಳಿದರು. ಬೆಂಗಾಲ್ ಮುಳುಗಿತೆಂದು ಓಂಡಿನಾದವರು ತಿಳಿದರು. ಎರಡು ಕಡೆಯಲ್ಲೂ ಒಬ್ಬರಿಗಾಗಿ ಒಬ್ಬರು ಸೂತಕ ಹಿಡಿದಂತಾಯಿತು.

ಎಣ್ಣೆಹಡಗನ್ನು ಬಿಟ್ಟು ವಿಲ್ಸನ್ ಹೊರಟದ್ದು ಸರಿಯೇ? ಕಾವಲಿಗೆಂದು ಬಂದವನು ಕಾಯಬೇಕಾದುದನ್ನು ಶತ್ರುವಿನ ಬಾಯಲ್ಲಿ ಬಿಟ್ಟನೆಂದು ಮೇಲುನೋಟಕ್ಕೆ ತೋರುತ್ತದೆ. ಈ ಪ್ರಶ್ನೆಯನ್ನು ನಾನು ಹಲವು ಸಲ ಮನಸ್ಸಿನಲ್ಲಿ ತಿರುಗಿಸಿದ್ದೇನೆ. ಗುಂಡಿಲ್ಲದ ತೋಪಿನ ಹಡಗು ಅಲ್ಲಿ ನಿಂತಿದ್ದರೆ ಸಾಯುವವರ ಲೆಕ್ಕ ಹೆಚ್ಚುತ್ತಿತ್ತೇ ಹೊರತು ಓಂಡಿನಾಕ್ಕೆ ಒಂದು ನಿಮಿಷವೂ ದೊರೆಯುತ್ತಿರಲಿಲ್ಲ. ಮೊದಲ ಗಳಿಗೆಯಲ್ಲಿ ಎದುರು ನುಗ್ಗಿ ಶತ್ರುವಿನ ಗುಂಡುಗಳನ್ನು ತನ್ನ ಮೇಲೆ ಎಳೆದುಕೊಂಡವನನ್ನು ಕೊನೆಯ ಗಳಿಗೆಗಾಗಿ ಹೇಡಿಯೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ದೋಣಿಯಲ್ಲಿದ್ದವರಿಗೆ ಈ ವಾದ ಹೇಗೆ ಕೇಳಿಸುತ್ತಿತ್ತೋ, ಅದು ಬೇರೆ ಮಾತು.

ಏಕೆಂದರೆ ಮುಂದೆ ನಡೆದದ್ದು ಘೋರ. ಓಂಡಿನಾದ ಕೊನೆಯ ನಾಲ್ಕು ಗುಂಡುಗಳು ಐಕೊಕು ಮಾರುವಿನ ಮೇಲೆ ಹೋದವು. ಅಲ್ಲಿಗೆ 32 ಮುಗಿಯಿತು. ಶತ್ರುವಿನ ಗುಂಡುಗಳು ಒಂದೊಂದಾಗಿ ಬಡಿಯುತ್ತಿದ್ದವು. ಹಡಗನ್ನು ಬಿಡಲು ಹೋರ್ಸ್‌ಮನ್ ಅಪ್ಪಣೆ ಕೊಟ್ಟನು. ಸಂಕೇತದ ಪುಸ್ತಕಗಳನ್ನು ಸಮುದ್ರಕ್ಕೆ ಎಸೆದರು. ಜನ ದೋಣಿಗೆ ಇಳಿಯುವ ವೇಳೆಗೆ ಬ್ರಿಜ್ ಎಂದು ಕರೆಯುವ ಕಪ್ತಾನನ ಅಟ್ಟಕ್ಕೆ ಗುಂಡೊಂದು ತಾಗಿ ಹೋರ್ಸ್‌ಮನ್ ಸತ್ತನು. ಐಕೊಕು ಮಾರು ಸಮೀಪಕ್ಕೆ ಬಂದು ಎರಡು ಟಾರ್ಪೆಡೊ ಬಿಟ್ಟಿತು. ಎರಡೂ ಬಲಮಗ್ಗುಲಿಗೆ ಬಡಿದು ದೊಡ್ಡ ಬಿಲಗಳಾದವು; ಹಡಗು ಮೂವತ್ತು ಡಿಗ್ರಿಯಷ್ಟು ವಾಲಿತು. ಆ ಬಳಿಕ ಅದು ತನ್ನ ಮೆಷಿನ್‌ಗನ್ನುಗಳನ್ನು ದೋಣಿಗಳ ಕಡೆಗೆ ತಿರುಗಿಸಿತು. ದೋಣಿಯಲ್ಲಿದ್ದವರ ಕೈಯಲ್ಲಿ ಹುಟ್ಟಲ್ಲದೆ ಮತ್ತೇನೂ ಇರಲಿಲ್ಲ. ಮುಖ್ಯ ಇಂಜಿನಿಯರ್ ಸೇರಿದಂತೆ ಕೆಲವರು ಅಲ್ಲಿ ಸತ್ತರು. ಇದನ್ನು ಮಾಡಿದ ಕೈಗಳೇ ಅನಂತರ ಹೊಕೊಕು ಮಾರುವಿನ ತಮ್ಮವರನ್ನು ನೀರಿನಿಂದ ಎತ್ತಿಕೊಂಡವು. ಆಮೇಲೆ ಮತ್ತೆ ಬಂದು ಇನ್ನೊಂದು ಟಾರ್ಪೆಡೊ ಬಿಟ್ಟಿತು. ಅದು ಗುರಿ ತಪ್ಪಿತು. ಇನ್ನು ಇದು ತಾನಾಗಿಯೇ ಮುಳುಗುತ್ತದೆಂದು ಬಗೆದು ಹೊರಟುಹೋಯಿತು.

ಓಂಡಿನಾ ಮುಳುಗಲಿಲ್ಲ. ಎಣ್ಣೆಹಡಗಿನ ಹೊಟ್ಟೆ ಬೇರೆ ಹಡಗುಗಳ ಹಾಗೆ ಒಂದೇ ದೊಡ್ಡ ಉಗ್ರಾಣವಲ್ಲ. ಉದ್ದಕ್ಕೂ ಅಡ್ಡಕ್ಕೂ ಉಕ್ಕಿನ ಗೋಡೆ ಎಬ್ಬಿಸಿ ಅದನ್ನು ಹಲವು ತೊಟ್ಟಿಗಳಾಗಿ ಮಾಡಿರುತ್ತಾರೆ. ತುಂಬಿದ ಎಣ್ಣೆ ಅಲೆಗಳ ಹೊಯ್ದಾಟಕ್ಕೆ ಒಂದೇ ಮಗ್ಗುಲಿಗೆ ನುಗ್ಗಿ ಹಡಗನ್ನು ಮಗುಚದಿರಲೆಂದು ಈ ಏರ್ಪಾಡು. ಎರಡು ಮೂರು ತೊಟ್ಟಿ ಒಡೆದರೂ ಮಿಕ್ಕವು ಗಾಳಿ ತುಂಬಿದ ಬುರುಡೆಗಳ ಹಾಗೆ ಎತ್ತಿ ಹಿಡಿಯುತ್ತವೆ. ಎಣ್ಣೆ ತುಂಬಿ ಬರುವಾಗ ಈ ಪೆಟ್ಟು ಬಿದ್ದಿದ್ದರೆ ಅದರ ಕಥೆಯೇ ಬೇರೆಯಾಗುತ್ತಿತ್ತು. ಯಂತ್ರಗಳು ಹಿಂಭಾಗದಲ್ಲಿದ್ದುದರಿಂದ ಅವಕ್ಕೆ ಏನೂ ಆಗಿರಲಿಲ್ಲ. ಮೊದಲ ಅಧಿಕಾರಿ ರೆಹ್‌ವಿಂಕೆಲ್ ಕೆಲವರೊಡನೆ ಮತ್ತೆ ಹಡಗನ್ನು ಹತ್ತಿದನು. ಬೆಂಕಿ ಆರಿಸಿದರು. ಎಡಮಗ್ಗುಲಿನ ತೊಟ್ಟಿಗಳಿಗೆ ತಾವಾಗಿಯೇ ನೀರು ತುಂಬಿಸಿ ವಾಲನ್ನು ಸರಿಮಾಡಿದರು. ಬೀಳುವ ಗಾಡಿಯ ಆಚೆ ಪಕ್ಕಕ್ಕೆ ಮೂಟೆ ಹೇರಿ ನೇರಮಾಡುವ ಉಪಾಯವೇ ಇದು. ಎಂಜಿನ್ನು ಹೊರಟಿತು. ದೋಣಿಗಳಲ್ಲಿದ್ದವರನ್ನು ಮೇಲೆ ತೆಗೆದುಕೊಂಡು, ಸತ್ತ ಕಪ್ತಾನನ ಹಡಗನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ತಿರುಗಿಸಿದರು.

ಗಾಯಗೊಂಡವರು ನರಳುತ್ತಿದ್ದರು. ವೈದ್ಯರು ಬೇಕೆಂದು ಫ್ರೀಮ್ಯಾಂಟಲಿಗೆ ತಂತಿಯಿಲ್ಲದ ತಂತಿಯಲ್ಲಿ ಸುದ್ದಿ ಕಳಿಸಿದರು. ಆದರೆ ಸಂಕೇತದ ಪುಸ್ತಕಗಳು ಸಮುದ್ರದ ತಳದಲ್ಲಿದ್ದವಲ್ಲ! ಸಾಮಾನ್ಯ ಭಾಷೆಯಲ್ಲಿಯೇ ಕಳಿಸಬೇಕಾಯಿತು. ಇದು ಜಪಾನಿನವರು ಒಡ್ಡಿದ ಬಲೆಯಿರಬೇಕೆಂದು ದಡದಲ್ಲಿದ್ದವರಿಗೆ ಅನುಮಾನ. ತಾನು ಬದುಕಿದ್ದೇನೆಂದು ಸತ್ತವನು ಕಾಗದ ಬರೆದರೆ ನಂಬುವವರು ಯಾರು? 17ರಂದು ಒಂದು ಕಡಲವಿಮಾನ ಅದನ್ನು ಕಂಡ ಮೇಲೆ ಚಿಕಿತ್ಸೆಯ ಸಹಾಯ ಒದಗಿತು. 18ರಂದು ಓಂಡಿನಾ ಫ್ರೀಮ್ಯಾಂಟಲ್ ಸೇರಿತು. ಅದರ ಹಿಂದಿನ ದಿನವೇ ಬೆಂಗಾಲ್ ಡಿಯೆಗೊ ಗಾರ್ಸಿಯಾ ಮುಟ್ಟಿತ್ತು.

ಇನ್ನು ಕೀರ್ತಿಯ ಹಂಚಿಕೆ. ವಿಲ್ಸನನಿಗೆ ಡಿ.ಎಸ್.ಓ. ಪದಕ ಬಂದಿತು. ಹೋರ್ಸ್‌ಮನ್‌ಗೆ ಮರಣಾನಂತರ ಡಚ್ಚರ ಅತ್ಯುನ್ನತ ಸೈನಿಕ ಗೌರವವಾದ ವಿಲಿಯಂ ಪದವಿ. ಹೊಕೊಕು ಮಾರುವನ್ನು ಕೆಡವಿದ್ದು ಬೆಂಗಾಲ್‌ನ ತೋಪೆಂದು ನಮ್ಮ ಕಡೆಯ ಬರೆಹಗಳಲ್ಲಿ ಓದುತ್ತೇವೆ. ಓಂಡಿನಾದ ತೋಪೆಂದು ಡಚ್ಚರು ಬರೆಯುತ್ತಾರೆ. ನಮ್ಮವರೆಂಬ ಅಭಿಮಾನ ನನಗೂ ಉಂಟು. ಆದರೂ ಟಾರ್ಪೆಡೊ ಕೊಳವೆಗಳನ್ನು ಸಿಡಿಸಿದ ಗುಂಡು ಓಂಡಿನಾದ್ದೆಂದು ಒಪ್ಪುವುದೇ ನ್ಯಾಯವೆಂದು ತೋರುತ್ತದೆ. ಮೂರಂಗುಲದ ಗುಂಡಿಗಿಂತ ನಾಲ್ಕಂಗುಲದ್ದಕ್ಕೆ ಆ ಕೆಲಸ ಹೆಚ್ಚು ಸಲ್ಲುತ್ತದೆ ಎಂಬುದು ನನ್ನ ಒಂದು ಕಾರಣ. ಬೆಂಗಾಲ್ ಎದುರು ನುಗ್ಗದಿದ್ದರೆ ಹೊಕೊಕು ಮಾರು ಅಷ್ಟು ಹತ್ತಿರಕ್ಕೆ, ಅಷ್ಟು ಅಸಡ್ಡೆಯಿಂದ ತನ್ನ ಮಗ್ಗುಲನ್ನು ತೋರಿಸುತ್ತಿತ್ತೆ ಎಂಬುದನ್ನು ಡಚ್ಚರೂ ಯೋಚಿಸಬೇಕು.

ಈ ಜಗಳದಲ್ಲಿ ಕೇಳದೆ ಹೋದ ದನಿಗಳು ಬೇರೆ ಇವೆ. ವಿಲ್ಸನ್, ಹೋರ್ಸ್‌ಮನ್, ರೆಹ್‌ವಿಂಕೆಲ್ ಎಂದು ನಾನು ಹೆಸರು ಹಿಡಿದು ಬರೆಯುತ್ತ ಬಂದೆ. ಬೆಂಗಾಲ್‌ನಲ್ಲಿ ಗುಂಡು ಹೊತ್ತು ತಂದುಕೊಟ್ಟ ಭಾರತೀಯ ಖಲಾಸಿಗಳಾಗಲಿ, ಓಂಡಿನಾದ ಯಂತ್ರಕೋಣೆಯ ಚೀನೀಯರಾಗಲಿ ಈ ಕಥೆಗಳಲ್ಲಿ ಬರುವುದು ‘ಸಿಬ್ಬಂದಿ’ ಎಂಬ ಒಂದು ಮಾತಿನೊಳಗೆ. ಅದೇ ನೌಕಾಪಡೆಯ ಖಲಾಸಿಗಳು 1946ರ ಫೆಬ್ರವರಿಯಲ್ಲಿ ಅನ್ನದ ಮತ್ತು ಮರ್ಯಾದೆಯ ಪ್ರಶ್ನೆ ಎತ್ತಿ ಬೊಂಬಾಯಿಯಲ್ಲಿ ದಂಗೆ ಎದ್ದಾಗ ಸರ್ಕಾರ ಬೆಚ್ಚಿತು. ಅಷ್ಟು ಬೆಚ್ಚಬೇಕಾಗಿರಲಿಲ್ಲ, ಅವರು ಎಂಥ ಜನವೆಂಬುದು ನಾಲ್ಕು ವರ್ಷ ಮೊದಲೇ ಗೊತ್ತಾಗಿತ್ತು.

ಐಕೊಕು ಮಾರುವಿನ ಪಾಡೂ ಅಕ್ಕನ ಪಾಡೇ ಆಯಿತು. 1944ರ ಫೆಬ್ರವರಿ 17ರಂದು ಟ್ರಕ್ ದ್ವೀಪದ ಬಳಿ ಅಮೆರಿಕದ ವಿಮಾನಗಳು ಬಾಂಬು ಹಾಕಿದಾಗ ಅದರಲ್ಲಿದ್ದ ಮದ್ದು ಸಿಡಿದು, ನೂರಾರು ಜನರೊಡನೆ ಮುಳುಗಿತು. ಆ ಸಿಡಿತಕ್ಕೆ ಮೇಲೆ ಹಾರುತ್ತಿದ್ದ ಒಂದು ವಿಮಾನವೂ ಸಿಕ್ಕಿ ನಾಶವಾಯಿತು.

ಓಂಡಿನಾವನ್ನು ಸರಿಯಾಗಿ ದುರಸ್ತಿ ಮಾಡಲು ಫ್ರೀಮ್ಯಾಂಟಲಿನಲ್ಲಿ ಅನುಕೂಲವಿರಲಿಲ್ಲ. ಮುರುಕು ಹಡಗನ್ನು ಹಾಗೆಯೇ ಎಣ್ಣೆಯ ಕಣಜವಾಗಿ ಉಪಯೋಗಿಸಿದರು. ಆಸ್ಟ್ರೇಲಿಯದ ವಾಯವ್ಯದಲ್ಲಿರುವ ಎಕ್ಸ್‌ಮೌತ್ ಕೊಲ್ಲಿಯಲ್ಲಿ ಅದು ಅಮೆರಿಕದ ಜಲಾಂತರ್ಗಾಮಿಗಳಿಗೆ ಎಣ್ಣೆ ಹಾಕುತ್ತ ನಿಂತಿತ್ತು. ಮಗ್ಗುಲಿಗೆ ತೇಪೆ ಹಾಕಿಕೊಂಡು ಪೆಸಿಫಿಕ್ ಸಾಗರವನ್ನೆಲ್ಲ ದಾಟಿ 1944ರಲ್ಲಿ ಅಮೆರಿಕದ ಟ್ಯಾಂಪಾ ಬಂದರಿಗೆ ಹೋಯಿತು. ಅಲ್ಲಿ ಗಾಯಗಳನ್ನು ಮುಚ್ಚಿಸಿಕೊಂಡು ಮತ್ತೆ ಎಣ್ಣೆ ಹೊರಲು ಹೊರಟಿತು. ಬೆಂಗಾಲ್ ಸ್ವಾತಂತ್ರ್ಯದ ಮೇಲೆ ಭಾರತದ ನೌಕಾಪಡೆಯಲ್ಲಿ ಉಳಿಯಿತು. ಎಣ್ಣೆಹಡಗು ಆಮೇಲೂ ಹದಿನೈದು ವರ್ಷದಷ್ಟು ಕಾಲ ದುಡಿಯಿತು. 1959ರಲ್ಲಿ ಅದನ್ನು ಹಾಂಗ್‌ಕಾಂಗಿನಲ್ಲಿ ಒಡೆದು ಕಬ್ಬಿಣದ ಲೆಕ್ಕದಲ್ಲಿ ಮಾರಿದರು.